ಅವರಿಗೆ ಬೇಡವಾದ ಕಾರ್ಡು ನಮ್ಮವರಿಗೇಕೆ?

ಬ್ರಿಟನ್ನಿಗೆ ಓದಲು ಹೋದ ನಮ್ಮ ಹುಡುಗರು ಅಲ್ಲಿನ ವಾಸ ಮುಂದುವರಿಸಬೇಕಾದರೆ ಹತ್ತೂ ಬೆರಳಿನ ಗುರುತು ಒತ್ತಿ ಕಾರ್ಡು ಪಡೆಯಬೇಕೆಂದು 2008ರ ನವೆಂಬರಿನಲ್ಲಿ ಕಟ್ಟಳೆಯಾಯಿತು. ಗಂಡನ ಜೊತೆಗಿರಲು ಹೋದ ಹೆಣ್ಣುಮಕ್ಕಳಿಗೂ ಅದೇ ಗತಿ! ತಮ್ಮ ಪ್ರಜೆಗಳಿಗೂ ಗುರುತಿನ ಚೀಟಿ ತಂದಿದ್ದರು. ಸ್ವಾತಂತ್ರ್ಯ ಹೋಯಿತೆಂದು ಅಲ್ಲಿ ಗದ್ದಲವೆದ್ದಿತು. 2010ರಲ್ಲಿ ಕಾನೂನು ಮಾಡಿ ರದ್ದುಪಡಿಸಿದರು, ದಾಖಲೆಯನ್ನೂ ನಾಶಮಾಡಿದರು. ಪರದೇಶಿಯ ಕಾರ್ಡು ಮಾತ್ರ ಉಳಿಯಿತು. ನಮ್ಮವರದೇನು ಕಳ್ಳನ ಬೆರಳೇ?

2024ರ ಕೊನೆಗೆ ಆ ಕಾರ್ಡಿಗೂ ತಿಲಾಂಜಲಿ. ಈಗ ಎಲ್ಲ ಕಂಪ್ಯೂಟರಿನೊಳಗೆ. ಕೆಲಸ ಕೊಡುವವನಿಗೆ, ಬಾಡಿಗೆ ಮನೆಯವನಿಗೆ ಒಂದು ಕೋಡ್ ನಂಬರು ಹೇಳಬೇಕು. ವಾಸದ ಹಕ್ಕಿಗೆ ಕೈಯಲ್ಲೊಂದು ಕಾಗದವಿಲ್ಲ! ಅಚ್ಚು ಹಾಕಿ ಬದುಕುವವನು ನಾನು. ಅಚ್ಚಾದದ್ದು ಕರೆಂಟು ಹೋದರೂ ಓದಲು ಸಿಗುತ್ತದೆ. ಯಂತ್ರ ಕೆಟ್ಟ ದಿನ ನಮ್ಮ ಹುಡುಗ ಏನು ತೋರಿಸಬೇಕು? ಲಂಡನ್ನಿಗೆ ಹೋಗಿ ಕೈಕುಲುಕುವ ದೆಹಲಿಯ ಮಂತ್ರಿಗಳು ಮೊದಲು ಇದನ್ನು ಕೇಳಲಿ.