ಬೇಲಿ ಕಂದಿದಾಗ

ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ನಮ್ಮದು. ಇಂಗ್ಲೆಂಡಿನಲ್ಲಿ ಬೇಲಿ ಮೇಯ್ದದ್ದು ನೆರೆಹೊರೆಯ ಸ್ನೇಹವನ್ನು. ಅಲ್ಲಿ ಮನೆಗಳ ನಡುವೆ ಸಾಲಾಗಿ ನೆಡುವ ಲೇಲ್ಯಾಂಡ್ ಸೈಪ್ರೆಸ್ ಮರ ವರ್ಷಕ್ಕೆ ಸುಮಾರು ಒಂದು ಮೀಟರ್ ಬೆಳೆದು ಪಕ್ಕದವರ ಬಿಸಿಲನ್ನು ನುಂಗಬಲ್ಲದು. ವ್ಯಾಜ್ಯಗಳು ಹೆಚ್ಚಿ, 2003ರಲ್ಲಿ ಅಂಗೀಕೃತವಾದ ಶಾಸನವೊಂದು 2 ಮೀಟರ್ ಮೀರಿದ ನಿತ್ಯಹಸಿರು ಬೇಲಿಯ ವಿರುದ್ಧ ಸ್ಥಳೀಯ ಆಡಳಿತಕ್ಕೆ ದೂರು ನೀಡಲು ಅವಕಾಶ ಕಲ್ಪಿಸಿತು. ಅದು 2005ರಲ್ಲಿ ಜಾರಿಗೆ ಬಂದಿತು.

ಇಂತಹ ಬೇಲಿ ಕಂದುಬಣ್ಣಕ್ಕೆ ತಿರುಗಿತೆಂದರೆ ಒಡೆಯನ ಸಂಶಯ ನೆರೆಯವನತ್ತ ಹರಿಯುವುದು ಸಹಜ: 'ವಿಷ ಹಾಕಿರಬೇಕು!' ವಾಸ್ತವವಾಗಿ ಹಲವು ವೇಳೆ ಕಾರಣ ರಸ ಹೀರುವ ಗಿಡಹೇನು, ಶಿಲೀಂಧ್ರರೋಗ, ನೀರಿನ ಅಭಾವ ಅಥವಾ ಒಡೆಯನದೇ ಕತ್ತರಿ. ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಆ ಮರ ಅಲ್ಲಿ ಮತ್ತೆ ಚಿಗುರುವುದಿಲ್ಲ. ಕೊಂಬೆಗಳ ಮೇಲಿನ ಮಸಿಯಂತಹ ಕಪ್ಪು ಬೂಷ್ಟು ಗಿಡಹೇನಿನ ಸುಳಿವು.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮೊದಲು ನಮ್ಮ ಪುಸ್ತಕವನ್ನೇ ತಪಾಸಣೆ ಮಾಡುತ್ತೇವೆ, ಗ್ರಾಹಕನನ್ನು ಕಳ್ಳನೆನ್ನುವುದಿಲ್ಲ. ಗೋಡೆಯ ತೇವ ಕಂಡೊಡನೆ ಮೇಲಿನ ಮನೆಯವರನ್ನು ಶಪಿಸುವ ಮುಂಬಯಿಯ ನಾವೂ ಈ ಕ್ರಮವನ್ನು ಅನುಸರಿಸುವುದು ಲೇಸು. ಕೋಪ ರಕ್ತದೊತ್ತಡವನ್ನು ಏರಿಸುತ್ತದೆ. ಹಗೆತನ ನಿದ್ರೆಯನ್ನು ಕೆಡಿಸುತ್ತದೆ. ಕಂದಿದ ಬೇಲಿಯನ್ನು ಕಿತ್ತು ಬೇರೊಂದನ್ನು ನೆಡಬಹುದು. ಕಂದಿದ ನೆರೆತನ ಅಷ್ಟು ಸುಲಭವಾಗಿ ಚಿಗುರದು.