ಹೋರಾಟದ ಭಾರ ಯಾರ ಹೆಗಲ ಮೇಲೆ?



ನುಡಿಗೂ ನಡೆಗೂ ಅಂತರವಿರಬಾರದೆಂಬುದು ವಚನಗಳನ್ನು ಓದುವ ನಮಗೆಲ್ಲ ತಿಳಿದ ವಿಚಾರ. ಕಲ್ಲಿದ್ದಲು, ತೈಲಗಳನ್ನು ಸುಡುವುದೇ ಭೂಮಿ ಬಿಸಿಯಾಗಲು ಮುಖ್ಯ ಕಾರಣವೆಂದು ಇಂದು ಶಾಲೆಯ ಮಕ್ಕಳೂ ನುಡಿಯುತ್ತಾರೆ. ಆದರೆ ಆ ನುಡಿಯನ್ನು ನಡೆಯಾಗಿಸಲು ಹೊರಟು ಸೆರೆಮನೆ ಸೇರಿದವರು ಕೆಲವರು ಮಾತ್ರ. ಅವರ ಮಾರ್ಗ ಯೋಗ್ಯವೇ? ಎರಡು ನಿದರ್ಶನಗಳನ್ನು ಎದುರಿಗಿಟ್ಟುಕೊಂಡು ವಿಚಾರ ಮಾಡೋಣ.

ಮೊದಲನೆಯದು ಅಮೆರಿಕದ್ದು. ಕೆನಡಾದ ಆಲ್ಬರ್ಟಾದಲ್ಲಿ ಮರಳಿನೊಡನೆ ಬೆರೆತಿರುವ, ಡಾಂಬರಿನಂತಹ ತೈಲವನ್ನು ಟೆಕ್ಸಾಸಿನ ಸಂಸ್ಕರಣಾಗಾರಗಳತ್ತ ಒಯ್ಯಲು ಕೀಸ್ಟೋನ್ ಎಕ್ಸ್‌ಎಲ್ ಎಂಬ ಕೊಳವೆಮಾರ್ಗವನ್ನು ಯೋಜಿಸಲಾಗಿತ್ತು. ದಿನಕ್ಕೆ ಸುಮಾರು 8,30,000 ಬ್ಯಾರೆಲ್ ಸಾಗಿಸುವುದು ಅದರ ಗುರಿ. ಗಡಿ ದಾಟುವ ಮಾರ್ಗವಾದ್ದರಿಂದ ಅಧ್ಯಕ್ಷರ ಅನುಮತಿ ಬೇಕಿತ್ತು. ಅದನ್ನು ನೀಡಬಾರದೆಂದು ಒತ್ತಾಯಿಸಿ ಲೇಖಕ ಬಿಲ್ ಮೆಕ್ಕಿಬ್ಬೆನ್ ಮೊದಲಾದವರು 2011ರಲ್ಲಿ ಸತ್ಯಾಗ್ರಹಕ್ಕೆ ಕರೆಯಿತ್ತರು. ಬರುವವರು ಸಭ್ಯ ಉಡುಪು ಧರಿಸಿ ಬರಬೇಕೆಂದು ಕೋರಿದರು. ಧರಣಿಯ ಹಿಂದಿನ ಸಂಜೆ ಅಹಿಂಸೆಯ ತರಬೇತಿ ನೀಡಿದರು. ಆಗಸ್ಟ್ 20ರಿಂದ ಸೆಪ್ಟೆಂಬರ್ 3ರವರೆಗೆ ಶ್ವೇತಭವನದ ಮುಂದೆ ತಂಡತಂಡವಾಗಿ ಕುಳಿತು, ಪ್ರತಿರೋಧ ತೋರದೆ ಬಂಧನಕ್ಕೊಳಗಾದರು. ಮೊದಲ ದಿನ ಬಂಧಿತರಾದವರನ್ನು ಎರಡು ರಾತ್ರಿ ಸೆರೆಯಲ್ಲಿಟ್ಟರೂ ಬರುವವರ ಸಾಲು ಕರಗಲಿಲ್ಲ. ಒಟ್ಟು ಸುಮಾರು 1,250 ಮಂದಿ ಬಂಧಿತರಾದರು. ನಾಸಾದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ಅವರೂ ಅವರಲ್ಲೊಬ್ಬರು.

ಫಲ ಕೂಡಲೇ ದೊರೆಯಲಿಲ್ಲ. ನೆಬ್ರಾಸ್ಕಾದ ರೈತರು ಹಾಗೂ ಮೂಲನಿವಾಸಿ ಸಮುದಾಯಗಳು ಹೋರಾಟವನ್ನು ವರ್ಷಗಟ್ಟಲೆ ಮುಂದುವರಿಸಿದರು. 2015ರಲ್ಲಿ ಒಬಾಮಾ ಯೋಜನೆಯನ್ನು ತಿರಸ್ಕರಿಸಿದರು. 2017ರಲ್ಲಿ ಟ್ರಂಪ್ ಅದಕ್ಕೆ ಮರುಜೀವ ಕೊಟ್ಟರು. 2021ರ ಜನವರಿಯಲ್ಲಿ ಬೈಡನ್ ಅನುಮತಿಯನ್ನು ರದ್ದುಗೊಳಿಸಿದರು. ಅದೇ ಜೂನ್‌ನಲ್ಲಿ ಕಂಪನಿಯೇ ಯೋಜನೆಯನ್ನು ಕೈಬಿಟ್ಟಿತು. ಅದರ ದಕ್ಷಿಣ ಭಾಗ ಮಾತ್ರ ಅಷ್ಟರಲ್ಲಿ ನಿರ್ಮಾಣವಾಗಿಹೋಗಿತ್ತು.

ಎರಡನೆಯದು ಬ್ರಿಟನ್ನಿನದು. ಹೊಸ ತೈಲ, ಅನಿಲ ಪರವಾನಗಿಗಳನ್ನು ನಿಲ್ಲಿಸಬೇಕೆಂದು 'ಜಸ್ಟ್ ಸ್ಟಾಪ್ ಆಯಿಲ್' ಸಂಘಟನೆ 2022ರಲ್ಲಿ ಬೀದಿಗಿಳಿಯಿತು. ಆ ಅಕ್ಟೋಬರಿನಲ್ಲಿ ಅದರ ಇಬ್ಬರು ಯುವ ಕಾರ್ಯಕರ್ತರು ಗಾಜಿನ ರಕ್ಷಣೆಯಿದ್ದ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಮೇಲೆ ಸೂಪು ಎರಚಿದರು. ನವೆಂಬರಿನಲ್ಲಿ ಕಾರ್ಯಕರ್ತರು ಲಂಡನ್ನನ್ನು ಸುತ್ತುವರಿದ ಎಂ25 ಹೆದ್ದಾರಿಯ ಮೇಲ್ಕಟ್ಟುಗಳನ್ನೇರಿ ನಾಲ್ಕು ದಿನ ಸಂಚಾರಕ್ಕೆ ತಡೆಯೊಡ್ಡಿದರು. ಅಂತ್ಯಕ್ರಿಯೆಗೆ, ಪರೀಕ್ಷೆಗೆ ಹೊರಟವರೂ ದಾರಿಯಲ್ಲೇ ಸಿಲುಕಿದರು. ಈ ತಡೆಯ ಸಂಚು ನಡೆಸಿದ್ದಕ್ಕಾಗಿ 2024ರಲ್ಲಿ ಐವರಿಗೆ ನಾಲ್ಕರಿಂದ ಐದು ವರ್ಷಗಳ ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. 2025ರ ಏಪ್ರಿಲ್‌ನಲ್ಲಿ ಸಂಘಟನೆ ನೇರ ಕಾರ್ಯಾಚರಣೆಯನ್ನು ಕೊನೆಗೊಳಿಸಿತು.

ಇಬ್ಬರೂ ಯಾರ ಮೇಲೂ ಕೈಯೆತ್ತಲಿಲ್ಲ. ಹಾಗಾದರೆ ಇಬ್ಬರದೂ ಒಂದೇ ಅಹಿಂಸೆಯೇ? ಅಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ. ಮೊದಲಿನವರು ಕಷ್ಟವನ್ನು ತಮ್ಮ ಮೈಮೇಲೆಯೇ ಎಳೆದುಕೊಂಡು, ನಿರ್ಧಾರ ಕೈಗೊಳ್ಳಬೇಕಾದವನ ಬಾಗಿಲಲ್ಲಿ ಕುಳಿತರು. ಎರಡನೆಯವರು ಕಷ್ಟದ ಒಂದು ಪಾಲನ್ನು ಸಂಬಂಧವಿಲ್ಲದ ದಾರಿಹೋಕರಿಗೆ ಹಂಚಿದರು. ತಂದೆಯ ಅಂತ್ಯದರ್ಶನ ತಪ್ಪಿದವನಿಗೆ ಭೂಮಿಯ ತಾಪದ ಕಥೆ ಹೇಳಿದರೆ ಕೇಳಿಯಾನೇ? ಅವನಲ್ಲಿ ಹುಟ್ಟುವುದು ಕೋಪವೇ ಹೊರತು ಮನಃಪರಿವರ್ತನೆಯಲ್ಲ.

ಸುಮ್ಮನೆ ಕುಳಿತವರ ಮಾತನ್ನು ಯಾರು ಕೇಳುತ್ತಾರೆಂಬ ಪ್ರಶ್ನೆ ಏಳುವುದು ಸಹಜ. ಹೊಸ ಕ್ಷೇತ್ರಗಳ ಶೋಧನೆಗೆ ಪರವಾನಗಿ ಕೊಡುವುದಿಲ್ಲವೆಂದು ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಘೋಷಿಸಿದ್ದೂ ನಿಜ. ಅದರಲ್ಲಿ ಈ ಗದ್ದಲದ ಪಾಲು ಎಷ್ಟೆಂದು ಅಳೆಯುವುದು ಕಠಿಣ. ಸಭೆ ಸೇರಿ ಯೋಜನೆ ಹಾಕಿದವರನ್ನು ವರ್ಷಗಟ್ಟಲೆ ಸೆರೆಯಲ್ಲಿಡುವುದು ಅತಿಯಾಯಿತೆಂದು ಹೇಳಲೂ ನನಗೆ ಸಂಕೋಚವಿಲ್ಲ. ಆದರೂ ಮಾರ್ಗದ ವಿಚಾರದಲ್ಲಿ ನನ್ನ ಮನಸ್ಸು ಒಲಿಯುವುದು ಶ್ವೇತಭವನದ ಮುಂದೆ ಕುಳಿತವರತ್ತಲೇ.

ಇನ್ನು ನಮ್ಮ ಪಾಲಿನ ಮಾತು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಸುಡುವ ಕಲ್ಲಿದ್ದಲು ಹೊರರಾಜ್ಯದ ಯಾರದೋ ನೆಲವನ್ನು ಅಗೆದು ತಂದದ್ದು. ಆ ವಿದ್ಯುತ್ತು ನಮ್ಮ ಮನೆಯ ದೀಪಕ್ಕೂ ಬರುತ್ತದೆ. ಅನ್ಯರ ಹೋರಾಟವನ್ನು ತೂಗುವ ನಾವು, ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನಾದರೂ ಆರಿಸುವ ರೂಢಿ ಮಾಡಿಕೊಂಡಿದ್ದೇವೆಯೇ? ಸೆರೆಮನೆಗೆ ಹೋಗಲು ಎಲ್ಲರಿಂದಲೂ ಆಗದು. ಇಷ್ಟನ್ನು ಮಾಡಲು ಎಲ್ಲರಿಂದಲೂ ಸಾಧ್ಯ.