ಅನಿವಾರ್ಯವೆಂಬ ಮಾತು

ಕನ್ನಡ ಪಾಠ ಹೇಳುವವನಿಗೆ ಶಬ್ದಗಳ ವಿಷಯದಲ್ಲಿ ತುಸು ಅತಿಯಾದ ಆಸಕ್ತಿ ಇರುವುದು ಸಹಜ. ಈಚೆಗೆ ಒಂದು ದಿನ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ನನ್ನಲ್ಲಿಗೆ ಬಂದನು. ಯಾವುದೋ ಕೈಗಾರಿಕಾ ಯೋಜನೆಯ ಪರಿಸರ ವರದಿಯ ಸಾರಾಂಶವನ್ನು ಅವನು ಓದಿದ್ದನಂತೆ. ಧೂಳು, ಸದ್ದು, ಲಾರಿಗಳ ಸಂಚಾರ, ಅಂತರ್ಜಲದ ಇಳಿತ ಇವೆಲ್ಲವನ್ನೂ ಅದರಲ್ಲಿ ‘ಅನಿವಾರ್ಯ ಪರಿಣಾಮಗಳು’ ಎಂದು ಬರೆದಿದ್ದರಂತೆ. “ಸಾರ್, ಅನಿವಾರ್ಯ ಅಂದರೆ ತಪ್ಪಿಸೋಕೆ ಆಗದ್ದು ಅಂತಲೋ, ತಪ್ಪಿಸೋಕೆ ಮನಸ್ಸಿಲ್ಲದ್ದು ಅಂತಲೋ?” ಎಂದು ಕೇಳಿದನು. ನಿವಾರಿಸಲು ಬಾರದ್ದು ಅನಿವಾರ್ಯ ಎಂದು ವ್ಯಾಕರಣವನ್ನು ಹೇಳಿ ಕಳುಹಿಸಿದೆ. ಆದರೆ ಯಾರಿಂದ ಬಾರದ್ದು, ಎಷ್ಟು ಹಣ ವ್ಯಯಿಸಿದರೂ ಬಾರದ್ದು ಎಂಬುದನ್ನು ವ್ಯಾಕರಣ ಹೇಳುವುದಿಲ್ಲ.

ಕೈಗಾರಿಕೆಯೇ ಬೇಡವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ನಾಗಮಂಗಲವೆಂದರೆ ಸೌಮ್ಯಕೇಶವನ ಗುಡಿ, ಒಂದು ಕಾಲಕ್ಕೆ ಹೆಸರಾಗಿದ್ದ ಹಿತ್ತಾಳೆಯ ಕೆಲಸ, ರಾಗಿಯ ಹೊಲ, ಮಳೆಯ ದಾರಿ ಕಾಯುವ ಕೆರೆ. ಹೇಮಾವತಿಯ ನೀರು ಕೆಲವು ಭಾಗಗಳಿಗೆ ಬಂದಿದ್ದರೂ ಮಂಡ್ಯ, ಪಾಂಡವಪುರಗಳ ಗದ್ದೆಬಯಲಿನ ಭಾಗ್ಯ ಈ ಸೀಮೆಗಿಲ್ಲ. ಪದವಿ ಮುಗಿಸಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಿನಲ್ಲಿ ಉಳಿಯುವವರು ವಯಸ್ಸಾದ ತಂದೆತಾಯಿಗಳು. ಮನೆಯ ಊಟ ಉಂಡು ಕೆಲಸಕ್ಕೆ ಹೋಗಿಬರುವ ಅವಕಾಶ ಹತ್ತಿರದಲ್ಲಿಯೇ ದೊರೆತರೆ ಅದನ್ನು ಅಲ್ಪ ಲಾಭವೆಂದು ತಳ್ಳಿಹಾಕುವ ಹಕ್ಕು ಸಂಬಳದ ನೌಕರಿಯಲ್ಲಿರುವ ನನ್ನಂಥವನಿಗಿಲ್ಲ.

ನಮ್ಮ ಜಿಲ್ಲೆಗೆ ಇಂಥ ತೂಗಾಟ ಹೊಸದೂ ಅಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ ಮುಂದಿನ ಎರಡು ದಶಕಗಳಲ್ಲಿ ಪೂರ್ಣಗೊಂಡಿತು. ಅದರಿಂದ ನಾಲೆ ಹರಿಯಿತು, ಕಬ್ಬು ಬೆಳೆಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದಿತು. ಇಂದು ಆ ಕಟ್ಟೆ ಬೇಡವಾಗಿತ್ತೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ನೀರಿನಡಿಗೆ ಹೋದುವು. ಮುಳುಗಿದ ಹಳ್ಳಿಯವನೇ ಬೇರೆ, ಗದ್ದೆ ಪಡೆದವನೇ ಬೇರೆ. ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಒಟ್ಟಿನಲ್ಲಿ ಲಾಭವೇ ಹೆಚ್ಚು’ ಎನ್ನುವ ಲೆಕ್ಕದಲ್ಲಿ ಈ ವ್ಯತ್ಯಾಸ ಮರೆಯಾಗುತ್ತದೆ. ಒಬ್ಬನ ನಷ್ಟವನ್ನು ಇನ್ನೊಬ್ಬನ ಲಾಭದಲ್ಲಿ ಕಳೆಯುವುದು ಗಣಿತದಲ್ಲಿ ಸರಿ, ನ್ಯಾಯದಲ್ಲಿ ಸರಿಯಲ್ಲ.

ಸಂಚಾರದ ಕಥೆಯನ್ನು ನೋಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ ರೂಪುಗೊಂಡದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿಗೆ ಮೇಲ್ಸೇತುವೆಯ ರಸ್ತೆ ತೆರೆದದ್ದು 2010ರಲ್ಲಿ. ಮೆಟ್ರೋ ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಉದ್ಯೋಗ ಮೊದಲು ಬಂದಿತು, ದಾರಿ ಆಮೇಲೆ ಬಂದಿತು; ನಡುವಣ ವರ್ಷಗಳನ್ನು ಜನ ರಸ್ತೆಯ ಮೇಲೆ ಕಳೆದರು. ಅಷ್ಟು ದೂರವೇಕೆ? 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಪ್ರಯಾಣದ ಹೊತ್ತನ್ನು ಬಹುವಾಗಿ ಉಳಿಸಿದೆ. ಆದರೆ ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹೊಲದ ನಡುವೆ ಹಾದ ರಸ್ತೆಯಲ್ಲಿ ಹೊಲದವನ ಗಾಡಿಗೆ ಪಕ್ಕದ ದಾರಿಯೇ ಗತಿಯಾಯಿತೆಂಬುದೂ ಲೆಕ್ಕಕ್ಕೆ ಬರಬೇಕಾದ ಸಂಗತಿಯೇ.

ಅನಿವಾರ್ಯವೆಂದದ್ದೆಲ್ಲ ಅನಿವಾರ್ಯವಲ್ಲವೆಂಬುದಕ್ಕೂ ಹತ್ತಿರದ ನಿದರ್ಶನವಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಗಳಿಗಾಗಿ 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತ್ತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ನಡೆಸಿದರು. 2025ರ ಜುಲೈಯಲ್ಲಿ ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಸರ್ಕಾರವೇ ಪ್ರಕಟಿಸಿತು. ತಪ್ಪಿಸಲಾಗದ್ದೆಂದು ಹೇಳಿದ್ದು ತಪ್ಪಿತು!

ಹಾಗಾದರೆ ಪ್ರತಿಯೊಂದಕ್ಕೂ ಧರಣಿಯೇ ದಾರಿಯೆ? ಹಾಗಾಗದಿರಲೆಂದೇ 2006ರ ಪರಿಸರ ಅಧಿಸೂಚನೆ ಸಾರ್ವಜನಿಕ ಅಹವಾಲಿನ ಏರ್ಪಾಟು ಮಾಡಿದೆ. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೊಡಬೇಕು, ಯೋಜನೆಯ ಸ್ಥಳದಲ್ಲಿ ಇಲ್ಲವೆ ಸಮೀಪದಲ್ಲಿ ಸಭೆ ಕೂಡಬೇಕು, ಜನರ ಮಾತನ್ನು ಬರೆದುಕೊಳ್ಳಬೇಕು. ಏರ್ಪಾಟು ಒಳ್ಳೆಯದೇ. ಆದರೆ ಕನ್ನಡದಲ್ಲಿ ದೊರೆಯುವುದು ಸಾರಾಂಶ ಮಾತ್ರ. ನೂರಾರು ಪುಟಗಳ ವಿವರ ಇಂಗ್ಲಿಷಿನಲ್ಲಿ ಉಳಿಯುತ್ತದೆ. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ನಿಯಮವೂ ಇಲ್ಲ. ಅದಕ್ಕಿಂತ ಮಿಗಿಲಾಗಿ, ಒಪ್ಪಿಗೆ ಪಡೆದ ಕೈಗಾರಿಕಾ ವಲಯದೊಳಕ್ಕೆ ಆಮೇಲೆ ಬರುವ ಕಾರ್ಖಾನೆಗಳಿಗೆ ಇಂಥ ಸಭೆಯಿಂದ ವಿನಾಯಿತಿ ಇದೆ. ಎಂದರೆ ಊರನ್ನು ಕೇಳುವುದು ಒಂದೇ ಸಲ, ಅದೂ ಯಾವ ಕಾರ್ಖಾನೆ ಬರುವುದೆಂದು ತಿಳಿಯುವ ಮೊದಲು. ಆದುದರಿಂದ ಆ ಒಂದು ಸಲದ ಮಾತು ಸರಿಯಾಗಿ ಅರ್ಥವಾಗುವುದು ಅತ್ಯಗತ್ಯ.

ಇಲ್ಲಿ ನಮ್ಮಂಥವರ ಪಾಲೂ ಇದೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಅರ್ಥ ಹೇಳುವ ಅಧ್ಯಾಪಕನು ಒಂದು ಸಂಜೆ ಹಳ್ಳಿಯ ಜಗಲಿಯ ಮೇಲೆ ಕುಳಿತು ಇಂಥ ವರದಿಯೊಂದನ್ನೂ ಬಿಡಿಸಿ ಹೇಳಬಾರದೇಕೆ? ವರದಿ ಪೂರ್ತಿಯಾಗಿ ಕನ್ನಡದಲ್ಲಿರಬೇಕೆಂದು ಕೇಳಬೇಕು. ಅನಿವಾರ್ಯವೆಂಬ ಮಾತು ಬಂದಲ್ಲೆಲ್ಲ ತಪ್ಪಿಸುವ ಯಾವ ಉಪಾಯವನ್ನು ಯೋಚಿಸಲಾಯಿತು, ಅದಕ್ಕೆ ಎಷ್ಟು ವೆಚ್ಚ, ಏಕೆ ಕೈಬಿಡಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು. ರಸ್ತೆ, ಚರಂಡಿ, ಕುಡಿಯುವ ನೀರು ಕಾರ್ಖಾನೆಗಿಂತ ಮೊದಲು ಬರಬೇಕು. ಇಷ್ಟಾದ ಮೇಲೂ ಉಳಿಯುವ ಕಷ್ಟವನ್ನು ಹೊರಲು ಜನ ಒಪ್ಪಿದರೆ ಅದು ಅವರು ತಿಳಿದು ಮಾಡಿದ ತ್ಯಾಗ. ತಿಳಿಯದೆ ಹೊತ್ತರೆ ಅದು ಅವರ ಮೇಲೆ ಹೇರಿದ ಹೊರೆ.

ಆ ವಿದ್ಯಾರ್ಥಿಗೆ ನಾನು ಅಂದು ಕೊಟ್ಟ ಉತ್ತರ ಅರ್ಧದ್ದು. ಉಳಿದರ್ಧವನ್ನು ಆ ಸಾರಾಂಶವನ್ನೇ ಮುಂದಿಟ್ಟುಕೊಂಡು ಹೇಳಬೇಕಾಗಿದೆ. ಅದನ್ನು ತರಗತಿಗೆ ತರುವಂತೆ ಅವನಿಗೆ ಹೇಳಿದ್ದೇನೆ.